ಬೇಸ್‌ಬಾಲ್ ಕಾಣದವನ ಕೈಗೆ ಬಂದ ಬೇಸ್‌ಬಾಲ್ ಪದಬಂಧ

ಕಾಸರಗೋಡಿನ ಬದಿಯಡ್ಕ ಸಮೀಪದ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಬಹುಕಾಲ ಪಾಠ ಹೇಳಿ ನಿವೃತ್ತನಾದವನು ನಾನು. ಬೆಳಗ್ಗೆ ಪತ್ರಿಕೆ ಕೈಗೆ ಬಂದ ಕೂಡಲೇ ಪದಬಂಧದ ಪುಟವನ್ನು ತೆರೆಯುವ ಅಭ್ಯಾಸ ನನಗೆ ನಲುವತ್ತು ವರ್ಷಗಳಿಂದ ಇದೆ. ಇದನ್ನು ತಿಳಿದಿದ್ದ ತಂಗಿಯ ಮಗ ಈ ಸಲ ಅಮೆರಿಕದಿಂದ ಊರಿಗೆ ಬಂದಾಗ, ಮಕ್ಕಳಿಗೆ ಚಾಕಲೇಟು ಹಂಚಿದ ಮೇಲೆ, ನನ್ನ ಕೈಗೆ ಒಂದು ಇಂಗ್ಲಿಷ್ ಪದಬಂಧ ಪುಸ್ತಿಕೆಯನ್ನಿತ್ತ. ಅದರಲ್ಲಿರುವ 50 ಪದಬಂಧಗಳೂ ಬೇಸ್‌ಬಾಲ್ ಆಟಕ್ಕೆ ಸಂಬಂಧಿಸಿದವು. "ಮಾವ, ಆಟ ಗೊತ್ತಿಲ್ಲದಿದ್ದರೆ ತೊಂದರೆ ಇಲ್ಲ, ಶಬ್ದದ ಆಟ ನಿಮಗೆ ಗೊತ್ತುಂಟಲ್ಲ" ಎಂದು ಅವನು ಹೇಳಿ ಹೋದ. ತೋಟಕ್ಕೆ ಮದ್ದು ಬಿಡುವುದಕ್ಕೂ ಬಿಸಿಲು ಸಿಗದ ಆಟಿಯ ಮಳೆಗಾಲದಲ್ಲಿ, ಜಗಲಿಯಲ್ಲಿ ಕುಳಿತು ಐದು ವಾರಗಳ ಕಾಲ ಈ ಪುಸ್ತಿಕೆಯನ್ನು ಬಿಡಿಸಿದ್ದೇನೆ. 41 ಪೂರ್ತಿಯಾದವು, 9 ಅರ್ಧದಲ್ಲಿ ನಿಂತವು. ಪದಬಂಧದಲ್ಲಿ ಆಸಕ್ತಿಯಿರುವ ಕನ್ನಡಿಗರಿಗೆ ಇದು ತರಿಸಿಕೊಳ್ಳಲು ಯೋಗ್ಯವಾದ ಪುಸ್ತಿಕೆಯೇ ಎಂಬುದನ್ನು ತಿಳಿಸುವುದು ಈ ಬರಹದ ಉದ್ದೇಶ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಯೋಗ್ಯವಾದದ್ದೇ. ಎಲ್ಲಿ ಸುಳಿವು ಶಬ್ದದ ಎರಡು ಅರ್ಥಗಳ ಮೇಲೆ ನಿಂತಿದೆಯೋ ಅಲ್ಲೆಲ್ಲ ಈ ಆಟವನ್ನು ಒಂದು ದಿನವೂ ಕಾಣದ ನನ್ನಂಥವನಿಗೂ ಬಾಗಿಲು ತೆರೆಯಿತು. ಎಲ್ಲಿ ಅದು ಬರಿಯ ಆಟಗಾರರ ಹೆಸರಿನ ಮೇಲೆ ನಿಂತಿದೆಯೋ ಅಲ್ಲಿ ಬಾಗಿಲು ಮುಚ್ಚಿಕೊಂಡಿತು. ಅರ್ಧದಲ್ಲಿ ನಿಂತ ಒಂಬತ್ತಕ್ಕೂ ಈ ಎರಡನೆಯದೇ ಕಾರಣ. ತಂಗಿಯ ಮಗನ ಮಾತು ಹೆಚ್ಚು ಕಡಿಮೆ ನಿಜವಾಯಿತು.

ಪುಸ್ತಿಕೆಯ ಹೊರರೂಪದ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ಸುರುಳಿ ತಂತಿಯ ಕಟ್ಟು ಇರುವುದರಿಂದ ಪುಟ ಚಪ್ಪಟೆಯಾಗಿ ತೆರೆದುಕೊಳ್ಳುತ್ತದೆ. ಮಡಿಲಲ್ಲಿಟ್ಟು ಬರೆಯುವುದಕ್ಕೆ ಅನುಕೂಲ. ತಂತಿಯ ಸುರುಳಿಯೊಳಗೆ ಒಂದು ಸಣ್ಣ ಪೆನ್ಸಿಲನ್ನೂ ಸಿಕ್ಕಿಸಿ ಕೊಟ್ಟಿದ್ದಾರೆ. 1924ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲ ಪದಬಂಧ ಪುಸ್ತಕ ಮಾರಾಟಕ್ಕೆ ಬಂದಾಗಲೂ ಪ್ರತಿಯೊಂದಕ್ಕೂ ಒಂದೊಂದು ಪೆನ್ಸಿಲ್ ಜೋಡಿಸಿ ಕೊಟ್ಟಿದ್ದರು. ಆ ಪದ್ಧತಿಯನ್ನು ಇವರು ಉಳಿಸಿಕೊಂಡದ್ದು ನನಗೆ ಮೆಚ್ಚುಗೆಯಾಯಿತು. ಕಾಗದ ಮಾತ್ರ ನಮ್ಮ ಮಳೆಗಾಲಕ್ಕೆ ಹೇಳಿದ್ದಲ್ಲ. ತಂಡಿ ಹಿಡಿದು ಮೆತ್ತಗಾದ ಪುಟದ ಮೇಲೆ ಎರಡನೆಯ ಸಲ ರಬ್ಬರು ಉಜ್ಜಿದರೆ ಚೌಕವೇ ಎದ್ದು ಬರುತ್ತದೆ. ಬರೆಯುವ ಮೊದಲು ಎರಡು ಸಲ ಯೋಚಿಸಬೇಕಾಯಿತು. ಉತ್ತರದ ಪುಟಗಳ ಅಕ್ಷರ ತೀರ ಸಣ್ಣದು. ನಾನು ಅವನ್ನು ಓದಿದ್ದು ಭೂತಗನ್ನಡಿಯಲ್ಲಿ.

ನಮ್ಮ ಪತ್ರಿಕೆಗಳ ಪದಬಂಧಕ್ಕೂ ಅಮೆರಿಕದ ಪದಬಂಧಕ್ಕೂ ಇರುವ ರಚನೆಯ ವ್ಯತ್ಯಾಸವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಅದು ತಿಳಿಯದೆ ಈ ಪುಸ್ತಿಕೆಯ ಗುಣದೋಷ ತಿಳಿಯುವುದಿಲ್ಲ. ನಮ್ಮಲ್ಲಿ ಕಪ್ಪು ಚೌಕಗಳು ಹೆಚ್ಚು. ಎಡದಿಂದ ಬಲಕ್ಕೆ ಬರೆದ ಪದದ ಎಷ್ಟೋ ಅಕ್ಷರಗಳಿಗೆ ಮೇಲಿನಿಂದ ಕೆಳಕ್ಕೆ ಬರುವ ಪದದ ಆಧಾರ ಇರುವುದಿಲ್ಲ. ಅಮೆರಿಕದ ನಿಯಮದಂತೆ ಒಂದೊಂದು ಅಕ್ಷರವೂ ಅಡ್ಡ ಪದದಲ್ಲಿಯೂ ಇರಬೇಕು, ಉದ್ದ ಪದದಲ್ಲಿಯೂ ಇರಬೇಕು. ಮೂರು ಅಕ್ಷರಕ್ಕಿಂತ ಚಿಕ್ಕ ಪದ ಕೂಡದು. ಚೌಕಟ್ಟನ್ನು ತಲೆಕೆಳಗೆ ಮಾಡಿ ಹಿಡಿದರೂ ಕಪ್ಪು ಚೌಕಗಳು ಅದೇ ಜಾಗದಲ್ಲಿ ಕಾಣಬೇಕು. ದಿನಪತ್ರಿಕೆಯ ಅಳತೆ 15ಕ್ಕೆ 15, ಭಾನುವಾರದ್ದು 21ಕ್ಕೆ 21. ಈ ಪುಸ್ತಿಕೆಯ ಮೊದಲ ಅರ್ಧದಲ್ಲಿ 9ಕ್ಕೆ 9ರ ಸಣ್ಣವು, ಉಳಿದ ಅರ್ಧದಲ್ಲಿ 15ಕ್ಕೆ 15ರವು ಇವೆ. ಎಲ್ಲ ಅಕ್ಷರಗಳೂ ಎರಡು ಕಡೆಯಿಂದ ಸಿಗುವುದರಿಂದ, ಗೊತ್ತಿಲ್ಲದ ಶಬ್ದವೊಂದನ್ನು ಸುತ್ತಲಿನ ಗೊತ್ತಿರುವ ಶಬ್ದಗಳಿಂದ ಕಟ್ಟಿ ತೆಗೆಯಬಹುದು. ಆಟ ತಿಳಿಯದ ನನ್ನನ್ನು ದಡ ಸೇರಿಸಿದ್ದು ಈ ನಿಯಮವೇ.

ಇನ್ನೊಂದು ರೂಢಿ ಇದಕ್ಕಿಂತಲೂ ಮುಖ್ಯವಾದದ್ದು. ಸುಳಿವಿನ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಇದ್ದರೆ, ಇಲ್ಲಿ ಶಬ್ದ ತನ್ನ ಮೇಲ್ನೋಟದ ಅರ್ಥದಲ್ಲಿ ಇಲ್ಲ, ಎಚ್ಚರದಿಂದ ಓದಿ ಎಂದು ರಚಿಸಿದವರು ಹೇಳುತ್ತಿದ್ದಾರೆಂದು ತಿಳಿಯಬೇಕು. ಮೋಸ ಮಾಡುವ ಮೊದಲೇ ಮೋಸವಿದೆ ಎಂದು ತಿಳಿಸುವ ಈ ಪ್ರಾಮಾಣಿಕತೆ ನನಗೆ ಬಹಳ ಹಿಡಿಸಿತು.

ಆಟದ ಪರಿಚಯಕ್ಕಾಗಿ ಪುಸ್ತಿಕೆಯ ಕೊನೆಯಲ್ಲಿ ಎರಡು ಪುಟಗಳ ಟಿಪ್ಪಣಿ ಇದೆ. ಅದನ್ನು ಮೊದಲು ಓದಿಕೊಂಡು ಆಮೇಲೆ ಪದಬಂಧಕ್ಕೆ ಕೈಹಾಕುವುದು ಒಳ್ಳೆಯದು. ಮೈದಾನದ ಒಳಭಾಗ ಒಂದು ಮೂಲೆಯ ಮೇಲೆ ನಿಲ್ಲಿಸಿದ ಚೌಕದಂತಿದೆ. ಆದ್ದರಿಂದ ಅದಕ್ಕೆ ಡೈಮಂಡ್, ಅಂದರೆ ವಜ್ರ ಎಂದು ಹೆಸರು. ಕೆಳಗಿನ ಮೂಲೆ ಹೋಮ್. ಅಲ್ಲಿ ನೆಲದಲ್ಲಿ ಐದು ಬದಿಗಳ, 17 ಇಂಚು ಅಗಲದ ಬಿಳಿಯ ಪ್ಲೇಟ್ ಇರುತ್ತದೆ. ಬಲಕ್ಕೆ ಫಸ್ಟ್ ಬೇಸ್, ಮೇಲೆ ಸೆಕೆಂಡ್ ಬೇಸ್, ಎಡಕ್ಕೆ ಥರ್ಡ್ ಬೇಸ್. ಒಂದರಿಂದ ಇನ್ನೊಂದಕ್ಕೆ 90 ಅಡಿ. ಚೆಂಡೆಸೆಯುವ ಪಿಚರ್ ಪ್ಲೇಟಿನಿಂದ 60 ಅಡಿ 6 ಇಂಚು ದೂರದಲ್ಲಿ ನಿಲ್ಲುತ್ತಾನೆ. ಹೊಡೆದವನು ಅಪ್ರದಕ್ಷಿಣವಾಗಿ ಮೂರು ಬೇಸುಗಳನ್ನು ಸುತ್ತಿ ಮರಳಿ ಹೋಮ್ ಮುಟ್ಟಿದರೆ ಒಂದು ರನ್. ಹೊಡೆಯಬಹುದಾದ ಚೆಂಡನ್ನು ಬಿಟ್ಟರೂ, ಬೀಸಿ ತಪ್ಪಿದರೂ ಒಂದು ಸ್ಟ್ರೈಕ್. ಅಂಥವು ಮೂರು ಆದರೆ ಅವನು ಔಟ್; ಹೊಡೆಯಲಾಗದಂತೆ ಹೊರಗೆ ಬಿದ್ದ ಚೆಂಡುಗಳು ನಾಲ್ಕಾದರೆ ಅವನು ನಡೆದುಕೊಂಡೇ ಫಸ್ಟ್ ಬೇಸಿಗೆ ಹೋಗಬಹುದು. ಎರಡು ತಂಡಗಳಿಗೂ ಒಂಬತ್ತು ಒಂಬತ್ತು ಸರದಿ. ಕ್ರಿಕೆಟ್ ನೋಡಿ ಬೆಳೆದವರಿಗೆ ಇಷ್ಟು ಸಾಕು. ಬಂಟ್ ಎಂಬ ಶಬ್ದವನ್ನು ಮಾತ್ರ ಟಿಪ್ಪಣಿಯಲ್ಲಿ ಬಿಟ್ಟಿದ್ದಾರೆ. ಮೂರು ಪದಬಂಧಗಳಲ್ಲಿ ಅದು ಉತ್ತರವಾಗಿ ಬಂದಿರುವುದರಿಂದ ಹೇಳಬೇಕಿತ್ತು. ಬೀಸಿ ಹೊಡೆಯದೆ, ಬ್ಯಾಟನ್ನು ಅಡ್ಡ ಹಿಡಿದು ಚೆಂಡನ್ನು ಹತ್ತಿರದಲ್ಲೇ ಮೆಲ್ಲಗೆ ಬೀಳಿಸುವುದಕ್ಕೆ ಬಂಟ್ ಎನ್ನುತ್ತಾರೆ.

ಇನ್ನು ಸುಳಿವುಗಳ ವಿಚಾರ. ಪುಸ್ತಿಕೆಯ ಜೀವ ಇರುವುದು ಇಲ್ಲಿಯೇ.

"ಬಾವಲಿಗಳ ಗುಹೆ?" ಎಂದು ಒಂದು ಸುಳಿವು, ಆರು ಅಕ್ಷರ. ಇಂಗ್ಲಿಷಿನಲ್ಲಿ ಬ್ಯಾಟ್ ಎಂದರೆ ಬಾವಲಿಯೂ ಹೌದು, ದಾಂಡೂ ಹೌದು. ದಾಂಡುಗಳನ್ನು ಇರಿಸಿಕೊಂಡು ಆಟಗಾರರು ಸರದಿ ಕಾಯುತ್ತ ಕುಳಿತುಕೊಳ್ಳುವ, ನೆಲಮಟ್ಟಕ್ಕಿಂತ ಸ್ವಲ್ಪ ಕೆಳಗಿರುವ ಜಾಗಕ್ಕೆ ಡಗೌಟ್ ಎಂದು ಹೆಸರು. ಅಗೆದು ಮಾಡಿದ ಜಾಗ ಎಂಬ ಅರ್ಥ ಅದರಲ್ಲೇ ಇರುವುದರಿಂದ ಗುಹೆ ಎಂಬ ಮಾತೂ ಸುಮ್ಮನೆ ಬಂದದ್ದಲ್ಲ. ಸುಳಿವಿನ ಎರಡು ಶಬ್ದಗಳೂ ದುಡಿಯುತ್ತಿವೆ. ಅದೇ ಪದಬಂಧದಲ್ಲಿ, ಚೌಕಟ್ಟಿನ ಎದುರು ಮೂಲೆಯಲ್ಲಿ, "ತಟ್ಟೆ ಒರೆಸುವವನು?" ಎಂದು ಮತ್ತೊಂದು; ಅದಕ್ಕೂ ಆರೇ ಅಕ್ಷರ. ಉತ್ತರ ಅಂಪೈರ್. ಹೋಮ್ ಪ್ಲೇಟಿನ ಮೇಲೆ ಧೂಳು ಕೂತಾಗ ಅಂಪೈರನೇ ಕೈಯಲ್ಲಿರುವ ಸಣ್ಣ ಬ್ರಷ್ಷಿನಿಂದ ಬಾಗಿ ಒರೆಸುತ್ತಾನೆ ಎಂಬ ಸಂಗತಿ ನನಗೆ ಗೊತ್ತಿರಲಿಲ್ಲ. ಸುತ್ತಲಿನ ಪದಗಳಿಂದ ಉತ್ತರ ಕೈಗೆ ಬಂದ ಮೇಲೆ ಇದು ಹೇಗೆ ಸರಿ ಎಂದು ಹುಡುಕಿ ತಿಳಿದುಕೊಂಡೆ. ಉತ್ತರ ಮೊದಲು ಸಿಕ್ಕಿ ವಿವರ ಆಮೇಲೆ ಸಿಗುವ ಸುಖ ಕನ್ನಡ ಪದಬಂಧಗಳಲ್ಲಿ ನನಗೆ ಅಪರೂಪ.

"ನೊಣ ಹಿಡಿಯುವವನು?" ಎಂದರೆ ಔಟ್‌ಫೀಲ್ಡರ್, ಎತ್ತರಕ್ಕೆ ಹಾರಿದ ಚೆಂಡಿಗೂ ಫ್ಲೈ ಎಂದೇ ಹೆಸರು. "ವಜ್ರದ ಕಳ್ಳ?" ಎಂದರೆ ಬೇಸ್ ಸ್ಟೀಲರ್, ಪಿಚರನ ಕಣ್ಣು ತಪ್ಪಿಸಿ ಮುಂದಿನ ಬೇಸಿಗೆ ಓಡುವುದನ್ನು ಆ ಆಟದಲ್ಲಿ ಕದಿಯುವುದೆಂದೇ ಕರೆಯುತ್ತಾರೆ. "ಕಾರ್ಖಾನೆಯಲ್ಲಿ ಒಂದು ಸಾಕು, ಇಲ್ಲಿ ಮೂರು ಬೇಕು?" ಎಂಬ ಸುಳಿವಿಗೆ ಸ್ಟ್ರೈಕ್ ಎಂದು ಬರೆಯಲು ನನಗೆ ಅರೆಕ್ಷಣ ಸಾಕಾಯಿತು. ಕೇರಳದಲ್ಲಿ ಬದುಕುವವರಿಗೆ ಮುಷ್ಕರದ ಇಂಗ್ಲಿಷ್ ಹೆಸರನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ನಮ್ಮ ಅಲಂಕಾರಶಾಸ್ತ್ರದಲ್ಲಿ ಶ್ಲೇಷಕ್ಕೆ ಎರಡು ಬಗೆ ಹೇಳುತ್ತಾರೆ. ಶಬ್ದವನ್ನು ಒಡೆಯದೆಯೇ ಎರಡರ್ಥ ಬಂದರೆ ಅಭಂಗ, ಒಡೆದಾಗ ಬಂದರೆ ಸಭಂಗ. ಮೇಲೆ ಹೇಳಿದವೆಲ್ಲ ಅಭಂಗ. ಸಭಂಗಕ್ಕೆ ಈ ಪುಸ್ತಿಕೆಯಲ್ಲಿರುವ ಅತ್ಯುತ್ತಮ ಉದಾಹರಣೆಯೆಂದರೆ "ನಿಂತಲ್ಲೇ ಔಟಾದವನಿಗೆ ಸಿಕ್ಕ ಹೊಗಳಿಕೆ?" ಎಂಬ ಸುಳಿವು. ಹನ್ನೊಂದು ಅಕ್ಷರದ ಉತ್ತರ ಔಟ್‌ಸ್ಟ್ಯಾಂಡಿಂಗ್. ಒಟ್ಟಾಗಿ ಓದಿದರೆ ಅತ್ಯುತ್ತಮ ಎಂದು ಅರ್ಥ, ಒಡೆದು ಓದಿದರೆ ಔಟ್, ಅದೂ ನಿಂತುಕೊಂಡೇ. ಮೂರನೆಯ ಸ್ಟ್ರೈಕಿಗೆ ಬ್ಯಾಟನ್ನು ಬೀಸದೆ ಸುಮ್ಮನೆ ನಿಂತು ಔಟಾಗುವುದು ಆ ಆಟದಲ್ಲಿ ಒಂದು ಪ್ರತ್ಯೇಕ ಬಗೆ. ಲೆಕ್ಕ ಬರೆಯುವವರು ಅದಕ್ಕೆ ಪ್ರತ್ಯೇಕ ಗುರುತನ್ನೇ ಇಟ್ಟುಕೊಂಡಿದ್ದಾರೆ. ಸ್ಟ್ರೈಕ್ ಔಟಿಗೆ ಇಂಗ್ಲಿಷಿನ ಕೆ ಅಕ್ಷರ ಬರೆಯುವ ಪದ್ಧತಿಯನ್ನು ತಂದವರು ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಪತ್ರಕರ್ತರಾಗಿದ್ದ ಹೆನ್ರಿ ಚಾಡ್ವಿಕ್. ಎಸ್ ಅಕ್ಷರ ಸ್ಯಾಕ್ರಿಫೈಸಿಗೆ, ಅಂದರೆ ತಾನು ಔಟಾಗಿ ಜೊತೆಯವನನ್ನು ಮುಂದಿನ ಬೇಸಿಗೆ ಸಾಗಿಸುವುದಕ್ಕೆ, ಮೀಸಲಾಗಿದ್ದುದರಿಂದ ಸ್ಟ್ರಕ್ ಎಂಬುದರ ಕೊನೆಯ ಅಕ್ಷರವನ್ನು ಆರಿಸಿಕೊಂಡರು. ನಿಂತಲ್ಲೇ ಔಟಾದರೆ ಆ ಕೆ ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯುತ್ತಾರೆ. ವಜ್ರದ ಕಳ್ಳನಿಗೂ ಹನ್ನೊಂದೇ ಅಕ್ಷರವಿರುವುದರಿಂದ, ಈ ಎರಡು ಉತ್ತರಗಳು ಒಂದೇ ಚೌಕಟ್ಟಿನಲ್ಲಿ ಮೇಲೊಂದು ಕೆಳಗೊಂದು ಎದುರುಬದುರಾಗಿ ಕುಳಿತಿವೆ. ಒಬ್ಬ ಓಡಿ ಗೆದ್ದವನು, ಇನ್ನೊಬ್ಬ ನಿಂತು ಸೋತವನು. ರಚಿಸಿದವರ ಕೈಚಳಕಕ್ಕೆ ನಾನು ಪೆನ್ಸಿಲ್ ಕೆಳಗಿಟ್ಟು ಒಂದು ಕ್ಷಣ ಸುಮ್ಮನೆ ಕುಳಿತೆ.

ಇಂಥ ಆಟ ನಮ್ಮ ಊರಿಗೆ ಹೊಸದಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಇಲ್ಲಿಂದ ದೂರವಿಲ್ಲ. ತಾಳಮದ್ದಳೆಯಲ್ಲಿ ಎದುರಾಳಿಯ ಬಾಯಿಂದ ಬಂದ ಮಾತನ್ನೇ ಒಡೆದು ಅವನಿಗೇ ಹಿಂದಿರುಗಿಸುವ ಅರ್ಥಧಾರಿಗಳನ್ನು ಕೇಳುತ್ತ ಬೆಳೆದವರು ನಾವು. ಅಲ್ಲದೆ, ನಾಲ್ಕಾರು ಭಾಷೆಗಳು ಒಂದೇ ಬಸ್ಸಿನಲ್ಲಿ ಕೂಡುವ ಈ ಗಡಿನಾಡಿನಲ್ಲಿ ಶ್ಲೇಷ ದಿನನಿತ್ಯದ ಸಂಗತಿ. ಅರಿ ಎಂದರೆ ಕನ್ನಡದ ಮಗುವಿಗೆ ತಿಳಿದುಕೋ ಎಂದು, ತುಳುವಿನಲ್ಲಿಯೂ ಮಲಯಾಳದಲ್ಲಿಯೂ ಅಕ್ಕಿ ಎಂದು. ಪಟ್ಟಿ ಎಂದರೆ ನಮಗೆ ಹೆಸರುಗಳ ಯಾದಿ, ಮಲಯಾಳಿಗಳಿಗೆ ನಾಯಿ. ಬಲೆ ಎಂದು ತುಳುವರು ಕರೆದರೆ ಬನ್ನಿ ಎಂದು ಅರ್ಥ, ಕನ್ನಡದಲ್ಲಿ ಅದು ಮೀನು ಹಿಡಿಯುವ ಸಾಧನ. ತರಗತಿಯಲ್ಲಿ ಇಂಥ ಶಬ್ದಗಳು ಬಂದಾಗ ಮಕ್ಕಳು ನಕ್ಕು ಎರಡೂ ಅರ್ಥಗಳನ್ನು ಹೇಳುತ್ತಿದ್ದರು. ಶಬ್ದವೊಂದು ಕಿವಿಗೆ ಬಿದ್ದಾಗ ಇದು ಯಾವ ಭಾಷೆಯದು, ಇಲ್ಲಿ ಯಾವ ಅರ್ಥದ್ದು ಎಂದು ಕೇಳಿಕೊಳ್ಳುವುದು ಇಲ್ಲಿಯವರಿಗೆ ಎಳವೆಯಿಂದಲೇ ರೂಢಿ. ಬೇಸ್‌ಬಾಲ್ ಪದಬಂಧ ಬಯಸುವುದೂ ಇದನ್ನೇ.

ಈಗ 37ನೆಯ ಪದಬಂಧಕ್ಕೆ ಬರುತ್ತೇನೆ. ಇಡೀ ಪುಸ್ತಿಕೆಯಲ್ಲಿ ಇದೊಂದೇ ಇದ್ದಿದ್ದರೂ ನಾನು ಅದನ್ನು ಶಿಫಾರಸು ಮಾಡುತ್ತಿದ್ದೆ. ಇದನ್ನು ಬಿಡಿಸಲು ನನಗೆ ನಾಲ್ಕು ದಿನ ಹಿಡಿಯಿತು.

ಕೊನೆಯ ಸಾಲಿನ ನಡುವಿನಿಂದ ಹೊರಡುವ ಐದು ಚೌಕಗಳ ಪದಕ್ಕೆ "ಗಾಂಧಿಯ ಉಡುಪಿನ ಬಟ್ಟೆ" ಎಂದು ಸುಳಿವು ಇತ್ತು. ಪ್ರಶ್ನಾರ್ಥಕ ಚಿಹ್ನೆ ಇರಲಿಲ್ಲ. ಅಮೆರಿಕದ ಪುಸ್ತಿಕೆಯಲ್ಲಿ ನಮ್ಮದೇ ಪ್ರಶ್ನೆ ಬಂದಿತಲ್ಲ ಎಂಬ ಹಿಗ್ಗಿನಿಂದ, ಕೆ, ಎಚ್, ಎ, ಡಿ, ಐ ಎಂದು ಐದು ಅಕ್ಷರಗಳನ್ನು ಒತ್ತಿ ಬರೆದೆ. ಖಾದಿ ಐದು ಚೌಕಗಳಲ್ಲಿ ಸರಿಯಾಗಿ ಕೂತಿತು. ಆದರೆ ಮೇಲಿನಿಂದ ಇಳಿಯುವ ಪದಗಳು ಒಪ್ಪಲಿಲ್ಲ. "ಆಟಗಾರನ ತಲೆಯ ಮೇಲಿನದು" ಎಂದರೆ ಕ್ಯಾಪ್ ಅಲ್ಲದೆ ಬೇರೇನು? ಅದು ಪಿ ಅಕ್ಷರದಿಂದ ಮುಗಿಯಬೇಕು, ಅಲ್ಲಿ ಖಾದಿಯ ಎ ಕುಳಿತಿದೆ. "ಸುತ್ತಿ ಬಂದವನ ಗಳಿಕೆ" ಎಂದರೆ ರನ್. ಅದು ಎನ್ ಅಕ್ಷರದಿಂದ ಮುಗಿಯಬೇಕು, ಅಲ್ಲಿ ಐ ಇದೆ. ಎಲ್ಲಕ್ಕಿಂತ ವಿಚಿತ್ರವೆಂದರೆ ಮೊದಲ ಚೌಕಕ್ಕೆ ಮೇಲಿನಿಂದ ಬರುವ ಮೂರು ಚೌಕಗಳ ಪದ. ಸುಳಿವು "ಸ್ವಂತ ಮೈದಾನದಲ್ಲಿ". ಎ ಮತ್ತು ಟಿ ಖಚಿತವಾಗಿ ಸಿಕ್ಕಿದ್ದವು. ಮೂರನೆಯ ಅಕ್ಷರ ಯಾವುದನ್ನಿಟ್ಟರೂ ಸ್ವಂತ ಮೈದಾನ ಎಂಬ ಅರ್ಥ ಬರುವುದಿಲ್ಲ. ಖಾದಿಯನ್ನು ಒರೆಸಿದೆ, ಕಾಗದ ಎದ್ದಿತು. ಕ್ಯಾಪ್, ರನ್ ಎರಡನ್ನೂ ನಂಬಿ ನೋಡಿದಾಗ ಕೊನೆಗೆ ಎಸ್, ಪಿ, ಯು, ಎನ್ ಎಂಬ ನಾಲ್ಕು ಅಕ್ಷರಗಳು ನಿಂತವು. ಸ್ಪನ್ ಎಂದರೆ ನೂತದ್ದು. ಹೋಮ್‌ಸ್ಪನ್ ಎಂದರೆ ಮನೆಯಲ್ಲಿ ನೂತ ಬಟ್ಟೆ ಎಂಬುದು ನನಗೆ ಹೊಳೆಯಿತು. ಹೊಳೆದರೂ ಪ್ರಯೋಜನವಾಗಲಿಲ್ಲ, ಏಕೆಂದರೆ ಅದಕ್ಕೆ ಎಂಟು ಅಕ್ಷರ, ನನ್ನಲ್ಲಿರುವುದು ಐದೇ ಚೌಕ. ಅಚ್ಚಿನ ತಪ್ಪಿರಬೇಕೆಂದು ಬಗೆದು ಎರಡು ದಿನ ಆ ಪುಟವನ್ನು ಮುಟ್ಟಲಿಲ್ಲ.

ಮೂರನೆಯ ದಿನ ಸಂಜೆ ಮಳೆ ಜೋರಾಗಿತ್ತು. ಐದನೆಯ ತರಗತಿಯಲ್ಲಿ ಓದುವ ಮೊಮ್ಮಗಳು ಅಜ್ಜಿಯ ಎದುರು ಕುಳಿತು ಚೆನ್ನೆಮಣೆ ಆಡುತ್ತಿದ್ದಳು. ಏಳೇಳು ಗುಳಿಗಳ ಎರಡು ಸಾಲು. ಆಟ ಸುರುವಾಗುವಾಗ ಒಂದೊಂದರಲ್ಲಿ ನಾಲ್ಕು ನಾಲ್ಕು ಕಾಯಿ ತುಂಬಿಸಬೇಕು. ನಾನು ಪುಟವನ್ನು ದಿಟ್ಟಿಸುತ್ತಿರುವುದನ್ನು ಕಂಡು ಅವಳು ಏನೆಂದು ಕೇಳಿದಳು. ಎಂಟು ಅಕ್ಷರದ ಶಬ್ದ ಐದು ಮನೆಯಲ್ಲಿ ಹಿಡಿಯುವುದಿಲ್ಲ ಎಂದೆ. ಅವಳು ಕಾಯಿ ತುಂಬಿಸುತ್ತಿದ್ದ ಕೈಯನ್ನು ನಿಲ್ಲಿಸದೆಯೇ, "ಅಜ್ಜ, ಇಲ್ಲಿ ಒಂದು ಮನೆಗೆ ನಾಲ್ಕು ಕಾಯಿ ಹಾಕುವುದಿಲ್ಲವಾ, ಹಾಗೆ ಅಲ್ಲಿಯೂ ಒಂದೇ ಮನೆಗೆ ನಾಲ್ಕು ಅಕ್ಷರ ಹಾಕಿದರೆ ಆಗುವುದಿಲ್ಲವಾ?" ಎಂದಳು.

ಆಗುತ್ತದೆ. ಮೊದಲ ಚೌಕದಲ್ಲಿ ಎಚ್, ಒ, ಎಂ, ಇ ಎಂಬ ನಾಲ್ಕು ಅಕ್ಷರಗಳನ್ನು ಒತ್ತೊತ್ತಾಗಿ ಬರೆದೆ. ಅಡ್ಡಕ್ಕೆ ಹೋಮ್‌ಸ್ಪನ್, ಉದ್ದಕ್ಕೆ ಅಟ್ ಹೋಮ್. ಎರಡೂ ಒಂದೇ ಕ್ಷಣದಲ್ಲಿ ಕೂತವು. ಅದು ಚೌಕಟ್ಟಿನ ತಳದಲ್ಲಿ, ಸರಿಯಾಗಿ ನಡುವೆ, ಮೈದಾನದಲ್ಲಿ ಹೋಮ್ ಪ್ಲೇಟ್ ಇರುವ ಜಾಗದಲ್ಲಿಯೇ ಇತ್ತು. ಹಾಗಾದರೆ ಬಲಬದಿಯಲ್ಲಿ ಫಸ್ಟ್ ಬೇಸ್ ಇರಬೇಕು ಎಂದು ಕಣ್ಣನ್ನು ಅತ್ತ ಹಾಯಿಸಿದೆ. ಅಲ್ಲಿ ಡಿ, ಎ, ಟಿ, ಎ ಎಂದು ಬರೆದು ಐದನೆಯ ಚೌಕವನ್ನು ಖಾಲಿ ಬಿಟ್ಟಿದ್ದೆ. ಅದೇ ಚೌಕದಿಂದ ಕೆಳಕ್ಕೆ ಎಂ, ಇ, ಎನ್, ಟಿ ಇಳಿದಿದ್ದವು. ಬಿ, ಎ, ಎಸ್, ಇ ಎಂಬ ನಾಲ್ಕನ್ನೂ ಆ ಒಂದು ಮನೆಯೊಳಗೆ ಇಟ್ಟಾಗ ಅಡ್ಡಕ್ಕೆ ಡೇಟಾಬೇಸ್, ಉದ್ದಕ್ಕೆ ಬೇಸ್‌ಮೆಂಟ್ ಆಯಿತು. ಮೇಲಿನ ಸೆಕೆಂಡ್ ಬೇಸ್, ಎಡದ ಥರ್ಡ್ ಬೇಸ್ ಎರಡೂ ಕಾಲು ಗಂಟೆಯೊಳಗೆ ತುಂಬಿದವು. ನಾಲ್ಕು ಮನೆಗಳನ್ನು ಪೆನ್ಸಿಲಿನಿಂದ ಜೋಡಿಸಿದರೆ ಚೌಕಟ್ಟಿನ ಮೇಲೆ ವಜ್ರದ ಆಕಾರ ನಿಲ್ಲುತ್ತದೆ. ನಾನು ಅಪ್ರದಕ್ಷಿಣವಾಗಿ ಸುತ್ತಿ ಮರಳಿ ಹೋಮಿಗೆ ಬಂದದ್ದು ಮೊಮ್ಮಗಳಿಗೂ ಕಾಣಲೆಂದು ಆ ಗೆರೆಗಳನ್ನು ಅವಳ ಕೈಯಿಂದಲೇ ಎಳೆಸಿದೆ.

ಹಲವು ಅಕ್ಷರಗಳನ್ನು ಒಂದೇ ಚೌಕದಲ್ಲಿಡುವ ಈ ತಂತ್ರಕ್ಕೆ ಅಮೆರಿಕದಲ್ಲಿ ರೀಬಸ್ ಎಂದು ಹೆಸರು. ಅಲ್ಲಿಯವರಿಗೆ ಅದು ನಿಯಮ ಮುರಿಯುವ ಚಮತ್ಕಾರ. ಆ ರಾತ್ರಿ ಯೋಚಿಸುತ್ತ ಮಲಗಿದ್ದಾಗ, ಕನ್ನಡದಲ್ಲಿ ನಾವು ಇದನ್ನೇ ದಿನವೂ ಮಾಡುತ್ತೇವಲ್ಲ ಎಂಬುದು ಹೊಳೆದು ಎದ್ದು ಕುಳಿತೆ. ಸ್ವಾತಂತ್ರ್ಯ ಎಂಬ ಪದಕ್ಕೆ ನಮ್ಮ ಪದಬಂಧದಲ್ಲಿ ಮೂರು ಮನೆ. ಮೂರನೆಯ ಮನೆಯಲ್ಲಿರುವ ತ್ರ್ಯ ಎಂಬ ಅಕ್ಷರವನ್ನು ಬಿಡಿಸಿದರೆ ತ್, ರ್, ಯ್, ಅ ಎಂದು ನಾಲ್ಕು ವರ್ಣಗಳು. ಒತ್ತಕ್ಷರವೂ ಗುಣಿತವೂ ಒಂದೇ ಮನೆಯೊಳಗೆ ಕೂಡುವುದು ನಮ್ಮ ಲಿಪಿಯ ಸಹಜ ಧರ್ಮ. ವರ್ಣ ಬಿಡಿಸುವುದನ್ನು ಅಷ್ಟು ವರ್ಷ ಹಲಗೆಯ ಮೇಲೆ ಬರೆದು ಕಲಿಸಿದ ನನಗೆ, ಇಂಗ್ಲಿಷ್ ಪುಟದ ಮುಂದೆ ಕುಳಿತಾಗ ಅದು ನೆನಪಾಗಲಿಲ್ಲ. ಈ ಪುಸ್ತಿಕೆಯನ್ನು ಕೈಗೆತ್ತಿಕೊಳ್ಳುವ ಕನ್ನಡ ಓದುಗರಿಗೆ ನಾನು ಹೇಳುವುದಿಷ್ಟು: ಪದ ಖಚಿತವಾಗಿದ್ದು ಚೌಕ ಸಾಲದೆ ಹೋದರೆ ಪದವನ್ನು ಬಿಡಬೇಡಿ, ಕನ್ನಡದ ಲೆಕ್ಕದಲ್ಲಿ ಯೋಚಿಸಿ.

ವಜ್ರದ ಆಕಾರಕ್ಕೆ ಪದಬಂಧದ ಚರಿತ್ರೆಯಲ್ಲಿಯೇ ಒಂದು ಸ್ಥಾನವಿದೆ. 1913ರ ಡಿಸೆಂಬರ್ 21ರಂದು ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಆರ್ಥರ್ ವಿನ್ ಎಂಬವರು ಪ್ರಕಟಿಸಿದ ಮೊದಲ ಪದಬಂಧ ಚೌಕವಾಗಿರಲಿಲ್ಲ, ವಜ್ರಾಕಾರವಾಗಿತ್ತು. ನಡುವೆ ಖಾಲಿ, ಸುತ್ತ ಅಕ್ಷರದ ಮನೆಗಳು. 37ನೆಯ ಪದಬಂಧವನ್ನು ರಚಿಸಿದವರು ಆಟದ ವಜ್ರವನ್ನೂ ಆ ಮೊದಲ ಪದಬಂಧದ ವಜ್ರವನ್ನೂ ಒಟ್ಟಿಗೆ ಮನಸ್ಸಿನಲ್ಲಿಟ್ಟುಕೊಂಡಿದ್ದರೆಂದು ನಾನು ನಂಬುತ್ತೇನೆ. ಪುಸ್ತಿಕೆಯಲ್ಲಿ ಇದರ ಬಗ್ಗೆ ಒಂದು ಸಾಲನ್ನಾದರೂ ಸೇರಿಸಬಹುದಿತ್ತು.

ಇನ್ನು ದೋಷಗಳು. ಮುಖ್ಯವಾದದ್ದು ಒಂದೇ, ಆದರೆ ಅದು ಒಂಬತ್ತು ಕಡೆ ಬಂದಿದೆ. ಉದಾಹರಣೆಗೆ 29ನೆಯದರಲ್ಲಿ ಅಡ್ಡಕ್ಕೆ ನಾಲ್ಕು ಅಕ್ಷರದ ಒಬ್ಬ ಆಟಗಾರನ ಕುಲನಾಮ, ಉದ್ದಕ್ಕೆ ಮೂರು ಅಕ್ಷರದ ಇನ್ನೊಬ್ಬ ಆಟಗಾರನ ಕುಲನಾಮ, ಎರಡೂ ಕೂಡುವ ಮನೆಯಲ್ಲಿ ಒಂದು ಸ್ವರ. ಎ ಇರಬಹುದು, ಇ ಇರಬಹುದು, ಒ ಇರಬಹುದು. ಆಟ ತಿಳಿಯದವನು ಊಹಿಸುವುದಕ್ಕೆ ಶಬ್ದದ ಯಾವ ಎಳೆಯನ್ನೂ ಕೊಟ್ಟಿಲ್ಲ. ಇಂಥ ಕೂಡುಮನೆಗೆ ಅಮೆರಿಕದ ಪದಬಂಧಪ್ರಿಯರು ನೇಟಿಕ್ ಎನ್ನುತ್ತಾರೆ. ಅದು ಮ್ಯಾಸಚೂಸೆಟ್ಸ್ ರಾಜ್ಯದ ಒಂದು ಊರು, ಎಂದೋ ಒಂದು ಪದಬಂಧದಲ್ಲಿ ಹೀಗೆಯೇ ಜನರನ್ನು ಸಿಲುಕಿಸಿದ ಹೆಸರು. ಕೊನೆಗೆ ಭೂತಗನ್ನಡಿ ಹಿಡಿದು ಉತ್ತರ ನೋಡ ಬೇಕಾಯಿತು. ಅಡ್ಡಕ್ಕೆ ಎ, ಎಲ್, ಒ, ಯು, ಅಂದರೆ ಅಲೂ; ಉದ್ದಕ್ಕೆ ಒ, ಟಿ, ಟಿ, ಅಂದರೆ ಆಟ್; ಕೂಡುವ ಅಕ್ಷರ ಒ.

ಹೆಸರುಗಳ ಹಿಂದಿನ ಕಥೆಯನ್ನು ಹುಡುಕಿ ಓದಿದಾಗ ನನ್ನ ಬೇಸರ ಇಮ್ಮಡಿಯಾಯಿತು, ಏಕೆಂದರೆ ಕಥೆ ಅಷ್ಟು ಚೆನ್ನಾಗಿದೆ. ಮೆಲ್ ಆಟ್ 1926ರಿಂದ 1947ರವರೆಗೆ ನ್ಯೂಯಾರ್ಕ್ ಜೈಂಟ್ಸ್ ಎಂಬ ಒಂದೇ ತಂಡಕ್ಕೆ ಆಡಿ 511 ಹೋಮ್ ರನ್, ಅಂದರೆ ಒಂದೇ ಹೊಡೆತಕ್ಕೆ ಬೇಸುಗಳನ್ನೆಲ್ಲ ಸುತ್ತಿ ಹೋಮ್ ಸೇರುವ ರನ್, ಹೊಡೆದವರು. ಆ ತಂಡ 1958ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊಗೆ ನೆಲೆ ಬದಲಿಸಿತು. ಆ ತಂಡದ ಪರವಾಗಿ 1963ರ ಸೆಪ್ಟೆಂಬರಿನಲ್ಲಿ ಡೊಮಿನಿಕನ್ ರಿಪಬ್ಲಿಕ್ ದೇಶದ ಫೆಲಿಪೆ, ಮ್ಯಾಟಿ, ಹೆಸೂಸ್ ಎಂಬ ಮೂವರು ಅಲೂ ಸಹೋದರರು ಒಂದೇ ಪಂದ್ಯದಲ್ಲಿ ಒಟ್ಟಿಗೆ ಔಟ್‌ಫೀಲ್ಡಿನಲ್ಲಿ ನಿಂತರು. ಅಂದರೆ ರಚಿಸಿದವರು ಒಂದೇ ತಂಡದ ಎರಡು ಊರುಗಳನ್ನು, ಎರಡು ಕಾಲಗಳನ್ನು ಒಂದು ಮನೆಯಲ್ಲಿ ಕೂಡಿಸಿದ್ದಾರೆ. ಇದು ಎಷ್ಟು ಸೊಗಸಾದ ಯೋಚನೆ! ಆದರೆ ಸುಳಿವಿನಲ್ಲಿ ಅದರ ಸುಳಿವೇ ಇಲ್ಲ. "ಮೂವರು ಅಣ್ಣತಮ್ಮಂದಿರು ಒಂದೇ ಬಯಲಲ್ಲಿ" ಎಂದು ಬರೆದಿದ್ದರೆ, ಉತ್ತರ ಸಿಗದಿದ್ದರೂ ಓದುಗನ ಕೈಯಲ್ಲಿ ಒಂದು ಕಥೆಯಾದರೂ ಉಳಿಯುತ್ತಿತ್ತು. ಉದ್ದದ ಪದಕ್ಕೆ ಒಟಿಟಿ ಎಂಬ ಈಗಿನ ಅರ್ಥವನ್ನು ಹಿಡಿದು, "ಮನೆಯಲ್ಲೇ ಸಿನಿಮಾ ತೋರಿಸುವ ಹೋಮ್ ರನ್ ವೀರ?" ಎಂದು ಕೇಳಿದ್ದರೆ ನಮ್ಮೂರಿನ ಹುಡುಗರೂ ಬರೆದುಬಿಡುತ್ತಿದ್ದರು. ಬೇಬ್ ರೂತ್ ಅವರ 714, ಹ್ಯಾಂಕ್ ಆರನ್ ಅವರ 755 ಮುಂತಾದ ಹೋಮ್ ರನ್ ಸಂಖ್ಯೆಗಳನ್ನು ಕೊಟ್ಟು ಹೆಸರು ಕೇಳುವ ಸುಳಿವುಗಳಿಗೂ ಈ ಮಾತು ಸಲ್ಲುತ್ತದೆ. ತಿಳಿದವನಿಗೆ ಅದು ತೀರ ಸುಲಭ, ತಿಳಿಯದವನಿಗೆ ಅಸಾಧ್ಯ. ಎರಡರ ನಡುವೆ ಯೋಚಿಸುವುದಕ್ಕೆ ಜಾಗವೇ ಇಲ್ಲ.

ಯಾರಿಗೆ ಈ ಪುಸ್ತಿಕೆ? ಹೈಸ್ಕೂಲು ಮಟ್ಟದ ಇಂಗ್ಲಿಷ್ ಚೆನ್ನಾಗಿ ಬರುವವರು ಮೊದಲ 25ನ್ನು ಕಷ್ಟವಿಲ್ಲದೆ ಬಿಡಿಸಬಹುದು. ಉಳಿದವುಗಳಿಗೆ ಶಬ್ದಕೋಶವೂ ತಾಳ್ಮೆಯೂ ಬೇಕು. ಒಬ್ಬರೇ ಕುಳಿತು ಬಿಡಿಸುವುದಕ್ಕಿಂತ ಮನೆಯ ಮಕ್ಕಳನ್ನು ಜೊತೆಗೆ ಕೂರಿಸಿಕೊಳ್ಳುವುದು ಉತ್ತಮ. ಇಂಗ್ಲಿಷ್ ಕಲಿಸುವ ಅಧ್ಯಾಪಕರು ಒಂದು ಶಬ್ದದ ಎರಡರ್ಥ ತೋರಿಸುವುದಕ್ಕೆ ಇದರ ಸುಳಿವುಗಳನ್ನು ತರಗತಿಯಲ್ಲಿ ಬಳಸಬಹುದು. ನಮ್ಮ ಕಡೆಯ ಅಂಗಡಿಗಳಲ್ಲಿ ನಾನು ಇಂಥದ್ದನ್ನು ಕಂಡಿಲ್ಲ. ಹೊರದೇಶದಿಂದ ಬರುವ ನೆಂಟರ ಬಳಿ ಹೇಳಿ ತರಿಸಿಕೊಳ್ಳುವುದು ಸುಲಭದ ದಾರಿ.

ನಮ್ಮ ಪತ್ರಿಕೆಗಳಿಗೆ ಪದಬಂಧ ರಚಿಸುವವರಿಗೂ ಒಂದು ವಿನಂತಿ ಇದೆ. ಸಾವಿರಾರು ಕನ್ನಡ ಪದಬಂಧಗಳನ್ನು ರಚಿಸಿದ ಅ. ನಾ. ಪ್ರಹ್ಲಾದರಾವ್ ಅವರಂಥವರು ನಮ್ಮಲ್ಲಿದ್ದಾರೆ, ಓದುಗರಿಗೂ ಕೊರತೆಯಿಲ್ಲ. ಆದರೆ ಒಂದೇ ವಿಷಯದ ಸುತ್ತ ಚೌಕಟ್ಟನ್ನು ಹೆಣೆದು, ವಿಷಯದ ಆಕಾರವನ್ನೇ ಚೌಕಟ್ಟಿನಲ್ಲಿ ಮೂಡಿಸುವ ಪ್ರಯತ್ನ ನನ್ನ ಕಣ್ಣಿಗೆ ಬಿದ್ದದ್ದು ಕಡಿಮೆ. ಚೆನ್ನೆಮಣೆಯ ಹದಿನಾಲ್ಕು ಗುಳಿಗಳ ಆಕಾರದಲ್ಲಿ, ಅಥವಾ ಯಕ್ಷಗಾನದ ರಂಗಸ್ಥಳದ ಆಕಾರದಲ್ಲಿ ಒಂದು ಪದಬಂಧ ಬಂದರೆ, ಸುಳಿವಿನ ಕೊನೆಗೆ ಎಚ್ಚರಿಕೆಯ ಆ ಪ್ರಶ್ನಾರ್ಥಕ ಚಿಹ್ನೆಯೂ ಇದ್ದರೆ, ನಾನು ಆ ದಿನದ ಪತ್ರಿಕೆಯ ಎರಡು ಪ್ರತಿ ಕೊಳ್ಳುತ್ತೇನೆ.

ಪುಸ್ತಿಕೆಯನ್ನು ಈಗ ನೀರ್ಚಾಲಿನ ಗೆಳೆಯರೊಬ್ಬರು ಓದಲು ಕೇಳಿದ್ದಾರೆ. ಅವರು ಮಲಯಾಳ ಅಧ್ಯಾಪಕರಾಗಿದ್ದವರು, ಶಬ್ದದ ವಿಷಯದಲ್ಲಿ ನನಗಿಂತ ಚುರುಕು. ನನ್ನ ಪೆನ್ಸಿಲಿನ ಗುರುತುಗಳಿರುವ 37ನೆಯ ಪುಟವನ್ನು ಹಾಗೆಯೇ ಕೊಟ್ಟರೆ ಅವರ ಪಾಲಿನ ನಾಲ್ಕು ದಿನಗಳನ್ನು ನಾನು ಕಸಿದಂತಾಗುತ್ತದೆ. ಆದ್ದರಿಂದ ಮೊಮ್ಮಗಳು ಬೇರೆ ಹಾಳೆಯಲ್ಲಿ ಅಡಿಕೋಲು ಹಿಡಿದು 225 ಮನೆಗಳನ್ನು ಗೀಚಿ, ಕಪ್ಪು ಚೌಕಗಳಿಗೆ ಬಣ್ಣ ತುಂಬಿ, ಸಂಖ್ಯೆಗಳನ್ನು ಬರೆದು ಸಿದ್ಧಪಡಿಸಿದ್ದಾಳೆ. ಹಳೆಯ ಪುಟವನ್ನು ಮಡಚಿ, ಅಂಚುಗಳಿಗೆ ಅಂಟು ಹಚ್ಚಿ ಮುಚ್ಚಿದ್ದೇವೆ.